ಜಾರ್ಜ್ ಯಾವ ಕಡೆ ಓಟು ಹಾಕಿದ್ರು?

ಪ್ರಶ್ನೆ: ಜಾರ್ಜ್ ಫರ್ನಾಂಡಿಸ್ ಅಂದ್ರೆ ನಮ್ಮ ಮಾವನಿಗೆ ಈಗ್ಲೂ ಪ್ರಾಣ. ಲೋಕಸಭೇಲಿ ಅವರು ಯಾವುದಕ್ಕೆ ಓಟು ಹಾಕಿದ್ರು ಅಂತ ಲೆಕ್ಕ ಸಿಗುತ್ತಾ ಸರ್? (ಓದುಗರು, ಡೊಂಬಿವಲಿ)

ಉತ್ತರ: ಪೂರ್ತಿ ಸಿಗಲ್ಲ ಮಾರಾಯ್ರೆ. ಅಲ್ಲಿ ಹೆಚ್ಚಿನದೆಲ್ಲ ಧ್ವನಿಮತದಲ್ಲೇ, ಅಂದ್ರೆ 'ಹೌದು', 'ಇಲ್ಲ' ಅಂತ ಕೂಗೋದ್ರಲ್ಲೇ ಮುಗಿಯುತ್ತೆ, ಯಾರಾದ್ರೂ ಡಿವಿಷನ್ (ಒಬ್ಬೊಬ್ಬರ ಓಟು ದಾಖಲಿಸಿ ಎಣಿಸೋದು) ಕೇಳಿದ್ರೆ ಮಾತ್ರ ಹೆಸರು ಸಮೇತ ಕಲಾಪದ ಪುಸ್ತಕದಲ್ಲಿ ಅಚ್ಚಾಗೋದು. 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನೇ ಮಣ್ಣು ಮುಕ್ಕಿಸಿದ ಮಂಗಳೂರಿನವ್ರು, 1977ರಲ್ಲಿ ಜೈಲಲ್ಲಿ ಕೂತೇ ಮುಜಫರ್‌ಪುರ ಗೆದ್ರು, ಅದೆಲ್ಲ ಸರಿ, ಆದ್ರೆ 1979ರಲ್ಲಿ ಅವಿಶ್ವಾಸ ಚರ್ಚೇಲಿ ಪ್ರಧಾನಿ ಮೊರಾರ್ಜಿ ದೇಸಾಯಿ ಸರ್ಕಾರನ ಅಬ್ಬರಿಸಿ ಸಮರ್ಥಿಸ್ಕೊಂಡು ಕೆಲವೇ ದಿನದಲ್ಲಿ ಕೈ ಬಿಟ್ರು ನೋಡಿ, ಅದು ನನಗಂತೂ ಇವತ್ತಿಗೂ ಅರಗಿಲ್ಲ. ಆ ಓಟಿನ ಲೆಕ್ಕ ಹುಡುಕ್ಬೇಡಿ, ಓಟಿಗೆ ಹಾಕೋ ಮುಂಚೆನೇ ಮೊರಾರ್ಜಿ ರಾಜೀನಾಮೆ ಕೊಟ್ಟಿದ್ರು. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ್ಮೇಲಂತೂ ವಿಪ್ (ಓಟಿನ ಬಗ್ಗೆ ಪಕ್ಷ ಕೊಡೋ ಆದೇಶ) ಹೇಳಿದ್ದೇ ಓಟು.