ಸಂಪಾದಕರ ಉತ್ತರ: ಮೊದಲ ನಷ್ಟ ಯಾರು ಹೊರಬೇಕು?

ಪ್ರಿಯ ಓದುಗರೆ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಮೆರಿಕದ ಯುಎಸ್‌ಏಡ್ ಎಂಬ ವಿದೇಶಿ ನೆರವಿನ ಸಂಸ್ಥೆ ಮುಚ್ಚಿದ ಬಗ್ಗೆ ನಾವು ಬರೆದ ಲೇಖನದಲ್ಲಿ ಔಷಧಿ, ಆಹಾರದ ಮಾತಷ್ಟೇ ಇತ್ತು, ದುಡಿದು ತಿನ್ನುವವರ ಮಾತೇ ಇರಲಿಲ್ಲ ಎಂದಿದ್ದೀರಿ. ದೂರು ಸರಿಯಾಗಿಯೇ ಇದೆ. ಆಮೇಲೆ ಕೇಳಿದ್ದೀರಿ: "ವಿದೇಶಿ ನೆರವು ಸರ್ಕಾರದಿಂದ ಸರ್ಕಾರಕ್ಕೆ ಹೋಗುವ ದುಡ್ಡು. ಬಡ ದೇಶದ ಸಣ್ಣ ವ್ಯಾಪಾರಿಗೆ ಅದರಿಂದ ಏನು ಸಿಗುತ್ತೆ? ನಿಂತರೆ ಯಾರಿಗೆ ನಷ್ಟ?"

ಆಫ್ರಿಕಾದ ರುವಾಂಡಾ ದೇಶದಲ್ಲಿ ಕಾಫಿ ಬೆಳೆಯುವ ಮರಾಬಾ ಎಂಬ ಕಡೆಯಿಂದ ಶುರು ಮಾಡುತ್ತೇನೆ. ನನಗೆ ಇದು ತುಂಬ ಮನಸ್ಸಿಗೆ ಹತ್ತಿರವಾದ ಉದಾಹರಣೆ. 1994ರ ನರಮೇಧದ ನಂತರ ಅಲ್ಲಿ ಗಂಡನನ್ನು, ಹೆತ್ತವರನ್ನು ಕಳೆದುಕೊಂಡವರು ಬಹಳ ಮಂದಿ. ಅವರ ಕೈಲಿದ್ದದ್ದು ಒಂದಿಷ್ಟು ಕಾಫಿ ಗಿಡ. ಗುಡ್ಡದ ಎತ್ತರ, ಮಳೆ ಎಲ್ಲ ಹೇಳಿ ಮಾಡಿಸಿದ ಹಾಗಿತ್ತು. ಆದರೂ ಬೆಲೆ ತೀರಾ ಕಡಿಮೆ. ಯಾಕೆ ಗೊತ್ತಾ? ಒಳ್ಳೆಯ ಕಾಫಿ ಬೇಕೆಂದರೆ ಹಣ್ಣು ಕೊಯ್ದ ಕೆಲವೇ ಗಂಟೆಗಳಲ್ಲಿ ಪಲ್ಪ್ ಮಾಡಿ (ಯಂತ್ರದಲ್ಲಿ ಸಿಪ್ಪೆ ಬಿಡಿಸಿ), ಶುದ್ಧ ನೀರಲ್ಲಿ ತೊಳೆದು, ಹದವಾಗಿ ಒಣಗಿಸಬೇಕು. ಇವರು ಮನೆಯಲ್ಲೇ ಸಿಪ್ಪೆ ಬಿಡಿಸಿ, ಸಿಕ್ಕ ನೀರಲ್ಲಿ ತೊಳೆಯುತ್ತಿದ್ದರು. ಒಂದೊಂದು ಮನೆಯದು ಒಂದೊಂದು ಥರ. ಹಾಗೆ ಬಂದ ಬೀಜ ಸಾಧಾರಣ ಕಾಫಿಯ ಜೊತೆ ಬೆರೆತು ಹೋಗುತ್ತಿತ್ತು.

ಬೇಕಿದ್ದದ್ದು ಒಂದು ವಾಷಿಂಗ್ ಸ್ಟೇಷನ್, ಅಂದರೆ ಎಲ್ಲರ ಹಣ್ಣನ್ನೂ ಒಂದೇ ಕಡೆ ಬಿಡಿಸಿ, ತೊಳೆದು, ಒಣಗಿಸುವ ಘಟಕ. ಅದನ್ನು ಒಬ್ಬ ರೈತ ಕಟ್ಟಲಾರ. ಕೊಳ್ಳುವವರೇ ಇಲ್ಲದ ಸರಕಿಗೆ ಬ್ಯಾಂಕು ಸಾಲ ಕೊಡಲ್ಲ. ಒಳ್ಳೆಯ ಸರಕು ಕಾಣದೆ ಕೊಳ್ಳುವವರು ಬರಲ್ಲ. ಎಲ್ಲರೂ ಇನ್ನೊಬ್ಬರ ದಾರಿ ನೋಡುತ್ತಾ ಕೂತಿದ್ದರು. 1999ರಲ್ಲಿ ರೈತರು ಸಹಕಾರ ಸಂಘ ಕಟ್ಟಿಕೊಂಡರು. 2001ರ ಹೊತ್ತಿಗೆ ಯುಎಸ್‌ಏಡ್ ದುಡ್ಡಿನ 'ಪರ್ಲ್' ಯೋಜನೆ, ರುವಾಂಡಾದ ರಾಷ್ಟ್ರೀಯ ವಿಶ್ವವಿದ್ಯಾಲಯವನ್ನೂ ಜೊತೆಗೆ ಸೇರಿಸಿಕೊಂಡು, ವಾಷಿಂಗ್ ಸ್ಟೇಷನ್ನಿಗೆ ನೆರವಾಯಿತು. ಕಾಫಿ ಕುಡಿದು ಗುಣ ಹೇಳಬಲ್ಲವರನ್ನು ಅಲ್ಲಿಯ ಜನರಲ್ಲೇ ತಯಾರು ಮಾಡಿತು. ಈ ಕೆಲಸ ನನಗೆ ಕಟ್ಟಡಕ್ಕಿಂತ ದೊಡ್ಡದಾಗಿ ಕಾಣುತ್ತದೆ. ತನ್ನ ಸರಕು ಎಷ್ಟು ಒಳ್ಳೆಯದು ಅಂತ ತಾನೇ ಹೇಳಬಲ್ಲವನನ್ನು ಬೆಲೆಯಲ್ಲಿ ಸುಲಭಕ್ಕೆ ಮೋಸ ಮಾಡಲಾಗದು, ಅಲ್ವಾ? 2003ಕ್ಕೆ ಮರಾಬಾ ಕಾಫಿ ಅದೇ ಹೆಸರಲ್ಲಿ ಬ್ರಿಟನ್ನಿನ ಸೂಪರ್‌ಮಾರ್ಕೆಟ್ಟಿಗೆ ಹೋಯಿತು. 2008ರಲ್ಲಿ 'ಕಪ್ ಆಫ್ ಎಕ್ಸಲೆನ್ಸ್' ಕಾಫಿ ಸ್ಪರ್ಧೆ ಆಫ್ರಿಕಾದಲ್ಲಿ ಮೊದಲ ಸಲ ನಡೆದದ್ದು ರುವಾಂಡಾದಲ್ಲೇ.

ನೆರವಿನ ದುಡ್ಡು ಇಲ್ಲಿ ಮಾಡಿದ್ದಿಷ್ಟೇ: ಎಲ್ಲರೂ ಹಿಂಜರಿದ ಮೊದಲ ಹೆಜ್ಜೆಯ ನಷ್ಟವನ್ನು ತಾನು ಹೊರುತ್ತೇನೆ ಎಂದಿತು. ಮೊಬೈಲಿನಲ್ಲೇ ದುಡ್ಡು ಕಳಿಸುವ ಕೀನ್ಯಾದ ಸೇವೆ ಎಂ-ಪೆಸಾದ ಕಥೆಯೂ ಇಂಥದ್ದೇ. ಬ್ರಿಟನ್ ಸರ್ಕಾರದ ಒಂದು ನಿಧಿ ವೊಡಾಫೋನಿಗೆ ಸುಮಾರು 10 ಲಕ್ಷ ಪೌಂಡ್ ಕೊಟ್ಟಿತು, ಕಂಪನಿಯೂ ತನ್ನ ಪಾಲು ಹಾಕಿತು. ಕಿರುಸಾಲದ (ಬಡವರಿಗೆ ಕೊಡುವ ಸಣ್ಣ ಸಾಲದ) ಕಂತನ್ನು ಮೊಬೈಲಿನಲ್ಲಿ ಕಟ್ಟಿಸಬೇಕು ಎನ್ನುವುದು ಮೊದಲ ಯೋಚನೆ. ಜನ ಅದನ್ನು ಒಬ್ಬರಿಗೊಬ್ಬರು ದುಡ್ಡು ಕಳಿಸಲು ಬಳಸಿಕೊಂಡರು. 2007ರ ಮಾರ್ಚಿನಲ್ಲಿ ಸೇವೆ ಶುರುವಾಯಿತು. ಮುಂದೆ ಬ್ಯಾಂಕ್ ಖಾತೆ ಇಲ್ಲದ ಸಣ್ಣ ವ್ಯಾಪಾರಿಗೂ ದುಡ್ಡು ಕೊಡುವ, ಪಡೆಯುವ ದಾರಿ ಸಿಕ್ಕಿತು.

ಹಾಗಾದರೆ ಕಿರುಸಾಲ? ಇಲ್ಲಿ ನಿಮಗೆ ಸಿಹಿ ಮಾತು ಹೇಳಲಾರೆ. ಇಂಥ ಸಾಲಕ್ಕೆ ಹೆಸರಾದ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕಿಗೆ ಶುರುವಿನ ವರ್ಷಗಳಲ್ಲಿ ವಿದೇಶಿ ನೆರವಿನ ಆಸರೆ ಇತ್ತು. ಆಮೇಲೆ ಆ ಮಾದರಿ ಎಲ್ಲೆಡೆ ಹರಡಿತು. ಆದರೆ 2015ರಲ್ಲಿ ಆರು ದೇಶಗಳ ಅಧ್ಯಯನಗಳು ಒಟ್ಟಿಗೆ ಪ್ರಕಟವಾದಾಗ ಕಂಡದ್ದು ಸಾಧಾರಣ ಲಾಭ. ಕೆಲವರ ವ್ಯಾಪಾರ ಹಿಗ್ಗಿತು. ಸರಾಸರಿ ನೋಡಿದರೆ ಬಡತನ ಕರಗಿದ ಗುರುತು ಸಿಗಲಿಲ್ಲ. ವಾರ ವಾರ ಕಂತು ಕಟ್ಟಬೇಕಾದವರು ಹೊಸ ಸಾಹಸಕ್ಕೆ ಕೈಹಾಕುವುದು ಕಷ್ಟ.

ನೈಜೀರಿಯಾದಲ್ಲಿ 2011ರಲ್ಲಿ ಬೇರೆ ದಾರಿ ಹಿಡಿದರು. ವ್ಯಾಪಾರದ ಯೋಜನೆ ಬರೆದು ಕಳಿಸಿ ಎಂದಾಗ ಸುಮಾರು 24,000 ಅರ್ಜಿ ಬಂದವು. ಸುಮಾರು 1,200 ಮಂದಿಗೆ ಸರಾಸರಿ 50,000 ಡಾಲರ್, ಸಾಲವಾಗಿ ಅಲ್ಲ, ಹಾಗೆಯೇ. ದುಡ್ಡು ನೈಜೀರಿಯಾ ಸರ್ಕಾರದ್ದು. ಬ್ರಿಟನ್ ಮತ್ತು ವಿಶ್ವಬ್ಯಾಂಕ್ ಬೆನ್ನಿಗೆ ನಿಂತವು. ಗೆದ್ದವರಲ್ಲಿ ಕೆಲವರನ್ನು ಲಾಟರಿಯಿಂದ ಆರಿಸಿದ್ದರು, ಹಾಗಾಗಿ ಸಿಕ್ಕವರನ್ನೂ ಸಿಗದವರನ್ನೂ ಹೋಲಿಸಿ ನೋಡಲು ಆಯಿತು. ಮೂರು ವರ್ಷದ ನಂತರ ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರನ್ನು ಇಟ್ಟುಕೊಂಡವರು ದುಡ್ಡು ಸಿಕ್ಕವರಲ್ಲೇ ಜಾಸ್ತಿ. ಕಿರುಸಾಲಕ್ಕೆ ದೊಡ್ಡವರು, ಬ್ಯಾಂಕಿಗೆ ಸಣ್ಣವರು ಅನ್ನಿಸಿಕೊಂಡು ನಡುವೆ ಸಿಕ್ಕಿಕೊಂಡವರಿಗೆ ಇಂಥ ದುಡ್ಡು ಬೇಕು. ನಾಲ್ಕು ಜನಕ್ಕೆ ಕೆಲಸ ಕೊಡುವವರೂ ಇವರೇ.

ತರಬೇತಿಯ ಬಗ್ಗೆ ಒಂದು ಮಾತು. ಟೋಗೋದ ಲೋಮೆ ನಗರದಲ್ಲಿ 1,500 ಸಣ್ಣ ವ್ಯಾಪಾರಿಗಳ ಮೇಲೆ ಪ್ರಯೋಗ ನಡೆಯಿತು. ಲೆಕ್ಕಪತ್ರ ಕಲಿಸುವ ಮಾಮೂಲಿ ಪಾಠದಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ತಾನಾಗಿ ಮುನ್ನುಗ್ಗುವುದನ್ನು, ಅಡ್ಡಿ ಬಂದಾಗ ಬೇರೆ ದಾರಿ ಹುಡುಕುವುದನ್ನು ಕಲಿತವರ ಲಾಭ ಶೇ. 30ರಷ್ಟು ಏರಿತು. ಇದರ ವರದಿ 2017ರಲ್ಲಿ ಬಂತು.

ನೆರವು ಕೆಡಿಸಿದ್ದೂ ಇದೆ. ಅಲ್ಲೇ ಬೆಳೆಯುವ, ಅಲ್ಲೇ ಹೊಲಿಯುವ ಸರಕನ್ನು ಹೊರಗಿನಿಂದ ತಂದು ಪುಕ್ಕಟೆ ಹಂಚಿದರೆ ಅಲ್ಲಿನ ವ್ಯಾಪಾರಿ ಯಾರಿಗೆ ಮಾರಬೇಕು? 'ನಮ್ಮ ದೇಶದ್ದೇ ಯಂತ್ರ ಕೊಳ್ಳಿ' ಎಂಬ ಷರತ್ತಿನ ನೆರವು ಕೊಟ್ಟವರ ಕಾರ್ಖಾನೆಗೇ ವಾಪಸ್ ಹೋಗುತ್ತೆ. ನಿಮ್ಮ ಸಿಟ್ಟಿಗೆ ಇಂಥ ಕಾರಣಗಳಿವೆ, ಅದನ್ನು ನಾನು ತಳ್ಳಿಹಾಕಲ್ಲ.

ನಿಂತರೆ ಯಾರಿಗೆ ನಷ್ಟ ಎಂದಿರಿ. 2025ರ ಜನವರಿಯಲ್ಲಿ ಅಮೆರಿಕ ನೆರವನ್ನು ತಡೆಹಿಡಿಯಿತು. ಜುಲೈ 1ಕ್ಕೆ ಯುಎಸ್‌ಏಡ್ ತನ್ನ ಕೆಲಸ ನಿಲ್ಲಿಸಿತು. ಆಸ್ಪತ್ರೆಯಲ್ಲಿ ಔಷಧಿ ಮುಗಿದರೆ ಅದೇ ವಾರ ಗೊತ್ತಾಗುತ್ತೆ. ವ್ಯಾಪಾರದಲ್ಲಿ ಹಾಗಲ್ಲ. ನಡೆಯುತ್ತಿರುವ ಅಂಗಡಿ ನಾಳೆಯೂ ಬಾಗಿಲು ತೆರೆಯುತ್ತೆ. ಇನ್ನೊಂದು ಮರಾಬಾದಲ್ಲಿ ವಾಷಿಂಗ್ ಸ್ಟೇಷನ್ ಆಗುವುದಿಲ್ಲ, ಆಗಲಿಲ್ಲ ಅಂತ ಯಾರೂ ವರದಿ ಬರೆಯುವುದಿಲ್ಲ. ನಮ್ಮ ಲೇಖನದಲ್ಲೂ ಅದು ಬಿಟ್ಟುಹೋದದ್ದು ಹೀಗೇ.

ಸಣ್ಣವರಿಗೆ ಕೊಟ್ಟ ಸಾಲ ಮುಳುಗಿದರೆ ಅರ್ಧ ನಾವು ತುಂಬುತ್ತೇವೆ ಎಂದು ನೆರವಿನ ಸಂಸ್ಥೆಗಳು ಬ್ಯಾಂಕುಗಳಿಗೆ ಖಾತರಿ ಕೊಡುವ ಪದ್ಧತಿಯೂ ಇದೆ. ಅದಕ್ಕೆ ಇಲ್ಲಿ ಜಾಗ ಸಾಲದು. ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇವೆ. ಓದಿ, ತಪ್ಪಿದ್ದರೆ ಮತ್ತೆ ಬರೆಯಿರಿ.

ನಿಮ್ಮ,
ಸಂಪಾದಕ