ಸಿನಿಮಾದ ಹಿಮದ ನೃತ್ಯದ ಕಿಮೋನೋ ಮನೆಯಲ್ಲೇ ಹೊಲಿಯಬಹುದಾ?

‘ಮೆಮೊಯರ್ಸ್ ಆಫ್ ಎ ಗೀಶಾ’ ಸಿನಿಮಾದಲ್ಲಿ ನಾಯಕಿ ಸಯೂರಿ ಹಿಮ ಬೀಳುವಾಗ ಕುಣಿಯುತ್ತಾಳಲ್ಲ, ಆ ಕಿಮೋನೋ ಮಗಳ ಕಾಲೇಜು ಕಾರ್ಯಕ್ರಮಕ್ಕೆ ಬೇಕು, ಅಂಥ ಬಟ್ಟೆ ಎಲ್ಲಿ ಸಿಗುತ್ತದೆ ಎಂದು ಕೇಳಿದ್ದೀರಿ. ಖಂಡಿತ ಹೊಲಿಯಬಹುದು. ಆದರೆ ಅದೇ ಬಣ್ಣ, ಅದೇ ಚಿತ್ತಾರ ಹುಡುಕಿಕೊಂಡು ಅಲೆಯಬೇಡಿ. ಆ ನೃತ್ಯದ ಜೀವ ಇರುವುದು ನೆಲದ ಮೇಲೆ ಎಳೆದುಕೊಂಡು ಬರುವ ಕೆಳ ಅಂಚಿನಲ್ಲಿ. ನಿಮ್ಮ ಸಮಯ, ದುಡ್ಡು ಎರಡನ್ನೂ ಅಲ್ಲಿಗೆ ಹಾಕಿ.

ನಾನು ಅಕ್ಕನ ಮಗಳಿಗೆ ಇದನ್ನೇ ಹೊಲಿದುಕೊಟ್ಟಿದ್ದೆ. ಮೊದಲ ಸಲ ತೆಳು ಸ್ಯಾಟಿನ್ ತಂದೆ. ನಿಂತಾಗ ಚೆನ್ನಾಗೇ ಕಾಣುತ್ತಿತ್ತು. ಅವಳು ಒಂದು ಸುತ್ತು ತಿರುಗಿದಳು, ಬಟ್ಟೆ ಪೂರ್ತಿ ಕಾಲಿಗೆ ಸುತ್ತಿಕೊಂಡಿತು. ನಾವು ಸೀರೆಗೆ ಫಾಲ್ ಹಚ್ಚುವುದು ಯಾಕೆ? ನೆರಿಗೆ ಭಾರವಾಗಿ ಕೂರಲಿ ಅಂತ ಅಲ್ವಾ? ಜಪಾನಿನಲ್ಲಿ ನೃತ್ಯಕ್ಕೆ ಉಡುವ ಉದ್ದ ಕಿಮೋನೋಗೆ ‘ಹಿಕಿಜುರಿ’ ಅನ್ನುತ್ತಾರೆ. ಅದರ ಅಂಚಿನೊಳಗೆ ಹತ್ತಿ ತುಂಬಿ ಹೊಲಿಯುತ್ತಾರೆ, ಅದಕ್ಕೆ ‘ಫುಕಿ’ ಎಂದು ಹೆಸರು. ನಾನು ಲೈನಿಂಗ್ ಬಟ್ಟೆಯನ್ನು ಕೆಳಗಡೆ ಸ್ವಲ್ಪ ಹೊರಗೆ ಮಡಚಿ, ಬೆರಳು ದಪ್ಪಕ್ಕೆ ಹತ್ತಿಯ ಬತ್ತಿ ಹೊಸೆದು ಒಳಗಿಟ್ಟು, ಕೈಯಲ್ಲೇ ಹೊಲಿದೆ. ಮೂರು ಸಂಜೆ ಹಿಡಿಯಿತು. ಆಮೇಲೆ ಅವಳು ತಿರುಗಿದಾಗ ಅಂಚು ಅರೆಕ್ಷಣ ತಡವಾಗಿ ಹಿಂದೆ ಬಂದು, ಅರ್ಧಚಂದ್ರದ ಹಾಗೆ ನೆಲಕ್ಕೆ ಕೂತಿತು. ನನಗೆ ಕಣ್ಣು ತುಂಬಿ ಬಂತು.

ಕಟಿಂಗ್ ನೀವು ಅಂದುಕೊಂಡಷ್ಟು ಕಷ್ಟವಿಲ್ಲ. ಕಿಮೋನೋದಲ್ಲಿ ಎಲ್ಲವೂ ನೇರ ಪಟ್ಟಿಗಳು, ಭುಜದ ಮೇಲೆ ಹೊಲಿಗೆಯೇ ಇಲ್ಲ. ಒಂದೇ ಪಟ್ಟಿ ಮುಂದಿನ ಅಂಚಿನಿಂದ ಭುಜದ ಮೇಲೆ ಹತ್ತಿ ಹಿಂದಿನ ಅಂಚಿಗೆ ಇಳಿಯುತ್ತದೆ. ಅಲ್ಲಿ ಕಿಮೋನೋ ಬಟ್ಟೆ ನೇಯುವುದೇ ಸುಮಾರು 36ರಿಂದ 38 ಸೆಂ.ಮೀ. ಅಗಲಕ್ಕೆ. ನಮ್ಮಲ್ಲಿ ಸಿಗುವ 44 ಇಂಚಿನ ಬಟ್ಟೆಯನ್ನು ಉದ್ದಕ್ಕೆ ಮೂರು ಭಾಗ ಮಾಡಿದರೆ ಒಂದೊಂದು ಪಟ್ಟಿ 37 ಸೆಂ.ಮೀ. ಆಗುತ್ತದೆ! ಇದು ಗೊತ್ತಾದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ. ಉದ್ದ ತೋಳು ಸೇರಿ ಆರು ಮೀಟರ್ ತನ್ನಿ, ಲೈನಿಂಗಿಗೂ ಅಷ್ಟೇ. ಮೈಗೆ ಅಂಟದ, ಇಳಿಬಿದ್ದು ನಿಲ್ಲುವ ದಪ್ಪ ಕ್ರೇಪ್ ಆದರೆ ಒಳ್ಳೆಯದು. ಅವರ ‘ಚಿರಿಮೆನ್’ ಕೂಡ ಹುರಿ ಹಾಕಿದ ನೂಲಿನ ಕ್ರೇಪ್ ರೇಷ್ಮೆಯೇ.

ಇನ್ನೊಂದು ವಿಷಯ. 2005ರ ಆ ಸಿನಿಮಾದ ಉಡುಪು ಮಾಡಿದವರು ಕಾಲೀನ್ ಆಟ್‌ವುಡ್, ಅದಕ್ಕೆ ಆಸ್ಕರ್ ಕೂಡ ಬಂತು. ಆದರೆ ಅದು ಕ್ಯೋಟೋದ ಗೀಶಾಗಳ, ಅಂದರೆ ಹಾಡು-ಕುಣಿತದಿಂದ ಅತಿಥಿಗಳನ್ನು ರಂಜಿಸುವ ಕಲಾವಿದೆಯರ, ಉಡುಗೆಯ ಯಥಾವತ್ ನಕಲಲ್ಲ, ಸಿನಿಮಾಕ್ಕೆ ಬೇಕಾದ ಹಾಗೆ ಬದಲಿಸಿಕೊಂಡದ್ದು. ಆ ನೃತ್ಯದಲ್ಲಿ ಸಯೂರಿ ಹಾಕಿಕೊಂಡ ಎತ್ತರದ ಪಾದುಕೆ ‘ಓಯ್‌ರಾನ್’ ಎಂಬ ಬೇರೆಯೇ ವರ್ಗದ ಹೆಂಗಸರ ಮೆರವಣಿಗೆಯದು. ಗೀಶಾಗಳು ವೇದಿಕೆಯಲ್ಲಿ ಕುಣಿಯುವುದು ‘ತಾಬಿ’ ಎಂಬ ಬಿಳಿ ಕಾಲುಚೀಲದಲ್ಲಿ. ಮಗಳಿಗೂ ಅದೇ ಸಾಕು, ಕಾಲು ಉಳುಕುವ ಭಯ ಇರುವುದಿಲ್ಲ. ನಮ್ಮ ಅಂಗಡಿಗಳಲ್ಲಿ ಚಪ್ಪಲಿಗೆಂದು ಹೆಬ್ಬೆರಳು ಬೇರೆ ಇರುವ ಸಾಕ್ಸ್ ಸಿಗುತ್ತದಲ್ಲ, ಬಿಳಿಯದು ತನ್ನಿ. ನೃತ್ಯ ಕೂಡಿಸುವವರಿಗೆ ಜಪಾನಿನ ಸಾಂಪ್ರದಾಯಿಕ ರಂಗಕಲೆ ಕಬುಕಿಯ ‘ಸಾಗಿ ಮುಸುಮೆ’ ನೃತ್ಯ ತೋರಿಸಿ. 1762ರಲ್ಲಿ ಮೊದಲು ಆಡಿದ್ದು. ಹಿಮದಲ್ಲಿ ಬಿಳಿ ಕಿಮೋನೋ ಉಟ್ಟು ಕೊಡೆ ಹಿಡಿದು ಕುಣಿಯುವ ಕೊಕ್ಕರೆ ಹುಡುಗಿಯ ಕಥೆ. ಹಿಮ ಬೀಳುವುದನ್ನು ಅಲ್ಲಿ ದೊಡ್ಡ ಡೋಲಿನ ಮೆತ್ತನೆಯ ಪೆಟ್ಟಿನಲ್ಲೇ ಕೇಳಿಸುತ್ತಾರೆ. ನಿಜವಾದ ಹಿಮದಲ್ಲಿ ಸದ್ದೇ ಇಲ್ಲ, ಆದರೂ ಅದನ್ನು ಕೇಳಿದರೆ ಮೈ ತಣ್ಣಗಾಗುತ್ತದೆ.

ಓಬಿಗೆ, ಅಂದರೆ ನಡುಪಟ್ಟಿಗೆ, ಅಮ್ಮನ ಹಳೇ ಜರಿ ಸೀರೆ ಇದ್ದರೆ ಬಳಸಿ. 30 ಸೆಂ.ಮೀ. ಅಗಲ ಮಾಡಿ ಒಳಗೆ ಬಕ್ರಂ ಕೊಡಿ. ಹಿಂದಿನ ಗಂಟನ್ನು ಬೇರೆಯಾಗಿ ಹೊಲಿದು ಆಮೇಲೆ ಸಿಕ್ಕಿಸಿ. ಜಪಾನಿನಲ್ಲೂ ಹೀಗೆ ಎರಡು ತುಂಡಿನ ಓಬಿ ಮಾರುತ್ತಾರೆ, ಹಾಗಾಗಿ ಸಂಕೋಚ ಬೇಡ.

ಉಡಿಸುವಾಗ ಒಂದು ಮಾತ್ರ ತಪ್ಪಬಾರದು: ಉಡುವವರ ಎಡಭಾಗ ಬಲಭಾಗದ ಮೇಲೆ ಬರಬೇಕು. ತಿರುಗುಮುರುಗಾಗಿ ಉಡಿಸುವುದು ಹೆಣಕ್ಕೆ. ಕಾರ್ಯಕ್ರಮದ ಫೋಟೋ ನೋಡಿದ ಜಪಾನಿಯರಿಗೆ ಮೊದಲು ಕಾಣುವುದೇ ಅದು. ಕೊರಳಪಟ್ಟಿಯನ್ನು ಹಿಂದಕ್ಕೆ ಎಳೆದು, ಕತ್ತಿನ ಹಿಂದೆ ಒಂದು ಮುಷ್ಟಿಯಷ್ಟಾದರೂ ಜಾಗ ಬಿಡಿ. ಒಳ ಉಡುಪಿನ ಬಿಳಿ ಕೊರಳಪಟ್ಟಿ ಸ್ವಲ್ಪ ಕಾಣಲಿ.

ವೇದಿಕೆಗೆ ನಡೆದು ಹೋಗುವಾಗ ಅಂಚನ್ನು ಎಡಗೈಯಲ್ಲಿ ಎತ್ತಿ ಹಿಡಿಯಬೇಕು, ಗೀಶಾಗಳೂ ಹಾಗೇ ಹಿಡಿಯುತ್ತಾರೆ. ಇದಕ್ಕೆ ಅಭ್ಯಾಸ ಬೇಕು. ಹೊಲಿಗೆ ಮುಗಿಯುವವರೆಗೆ ಹಳೇ ಬೆಡ್‌ಶೀಟ್ ಸುತ್ತಿ ಹಜಾರದಲ್ಲಿ ನಡೆಸಿ. ಮಗಳ ಎತ್ತರ ತಿಳಿಸಿದರೆ ಪಟ್ಟಿಗಳ ಅಳತೆ ಲೆಕ್ಕ ಹಾಕಿ ಇಲ್ಲೇ ಬರೆಯುತ್ತೇನೆ. ಅಲ್ಲಿಯವರೆಗೆ ಬಟ್ಟೆಗೆ ಕತ್ತರಿ ಹಾಕಬೇಡಿ.