ಓದುಗರ ಪ್ರಶ್ನೆ: ಬ್ಯಾಟರಿ ಫೋರ್ಕ್‌ಲಿಫ್ಟ್ ಮಧ್ಯಾಹ್ನಕ್ಕೇ ಸುಸ್ತಾದರೆ

ಪ್ರಶ್ನೆ: ಭಿವಂಡಿಯ ಗೋಡೌನ್ ಒಂದರಲ್ಲಿ ಸೂಪರ್‌ವೈಸರ್ ಆಗಿದ್ದೇನೆ. 3 ಟನ್ನಿನ ಎರಡು ಡೀಸೆಲ್ ಗಾಡಿ, 48 ವೋಲ್ಟ್ 600 ಎಎಚ್ ಬ್ಯಾಟರಿಯ ಎರಡು ಗಾಡಿ ಇವೆ. ಬ್ಯಾಟರಿ ಗಾಡಿಗಳು ಮಧ್ಯಾಹ್ನ ಮೂರಕ್ಕೇ ಸುಸ್ತಾಗುತ್ತವೆ. ಊಟದ ಬಿಡುವಿನಲ್ಲಿ ಚಾರ್ಜಿಗೆ ಹಾಕಿದರೂ ಪ್ರಯೋಜನವಿಲ್ಲ. ಮಾಲೀಕರು, “ಕರೆಂಟೂ ಕಲ್ಲಿದ್ದಲಿನದೇ ತಾನೇ, ಡೀಸೆಲ್ಲೇ ವಾಸಿ” ಎನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಮಾಲೀಕರ ಮಾತನ್ನೇ ಲೆಕ್ಕ ಹಾಕೋಣ. ನಿಮ್ಮ ಬ್ಯಾಟರಿಯಲ್ಲಿ (48 ವೋಲ್ಟ್ × 600 ಆಂಪಿಯರ್ ಅವರ್, ಅಂದರೆ ಎಎಚ್) 28.8 ಯೂನಿಟ್ ಹಿಡಿಯುತ್ತದೆ. ಶೇ. 80ರಷ್ಟೇ ಬಳಸಬೇಕು, ಅಂದರೆ 23 ಯೂನಿಟ್. ಲೆಡ್ ಆ್ಯಸಿಡ್ ಬ್ಯಾಟರಿ ಚಾರ್ಜಿನಲ್ಲಿ ಕಾಲುಭಾಗದಷ್ಟು ನಷ್ಟವಾಗುವುದರಿಂದ ಮೀಟರಿನಲ್ಲಿ ಸುಮಾರು 30 ಯೂನಿಟ್ ಓಡುತ್ತದೆ. ನಮ್ಮ ಗ್ರಿಡ್ಡಿನಲ್ಲಿ ಯೂನಿಟ್ಟಿಗೆ ಹೆಚ್ಚುಕಡಿಮೆ 0.7 ಕೆಜಿ ಇಂಗಾಲದ ಡೈಆಕ್ಸೈಡ್, ಒಟ್ಟು 21 ಕೆಜಿ. ಒಂದು ಚಾರ್ಜಿನಲ್ಲಿ ಆಗುವ ಅದೇ ಐದು ಗಂಟೆಯ ಕೆಲಸಕ್ಕೆ ಡೀಸೆಲ್ ಗಾಡಿ ಗಂಟೆಗೆ 2.5 ಲೀಟರ್ ಕುಡಿದರೂ 12.5 ಲೀಟರ್. ಲೀಟರಿಗೆ ಸುಮಾರು 2.7 ಕೆಜಿಯಂತೆ 33 ಕೆಜಿ ದಾಟುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಮಳೆಗಾಲದಲ್ಲಿ ಶಟರ್ ಇಳಿಸಿದ ಗೋಡೌನಿನೊಳಗೆ ಆ ಹೊಗೆಯನ್ನೂ ಕಾರ್ಬನ್ ಮೊನಾಕ್ಸೈಡನ್ನೂ ಉಸಿರಾಡುವವರು ನಿಮ್ಮ ಹಮಾಲರು. ಡೀಸೆಲ್ ಗಾಡಿಗಳನ್ನು ಅಂಗಳದ ಕೆಲಸಕ್ಕಷ್ಟೇ ಇಡಿ. ಲಾರಿಗೆ ಕಾಯುವಾಗ ಎಂಜಿನ್ ಆರಿಸಿ.

ಈಗ ಬ್ಯಾಟರಿ. ಊಟದ ಹೊತ್ತಿನ ಅರ್ಧ ಗಂಟೆಯ ಚಾರ್ಜು ಲೆಡ್ ಆ್ಯಸಿಡ್‌ಗೆ ಆಗಿಬರುವುದಿಲ್ಲ. ಬ್ಯಾಟರಿ ಆರಲು ಬಿಡುವೇ ಸಿಗದೆ ಬಿಸಿಯಾಗುತ್ತದೆ. ರಾತ್ರಿಯೂ ಪೂರ್ತಿ ತುಂಬದಿದ್ದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಸಾಮರ್ಥ್ಯ ಇಳಿಯುತ್ತಲೇ ಹೋಗುತ್ತದೆ. ಕೆಲಸ ಮುಗಿದ ಮೇಲೆ ಒಮ್ಮೆ, ಸುಮಾರು 8 ಗಂಟೆ, ಚಾರ್ಜರ್ ತಾನಾಗಿ ನಿಲ್ಲುವವರೆಗೆ ಬಿಡಿ. ಸಂಜೆಯ ಪೀಕ್ ಹೊತ್ತಿನ ದರ ನಿಮ್ಮ ಬಿಲ್ಲಿನಲ್ಲಿ ಬೇರೆಯಿದ್ದರೆ ಚಾರ್ಜರಿನ ಟೈಮರನ್ನು ಅದಾದ ಮೇಲಕ್ಕೆ ಹೊಂದಿಸಿ. ಚಾರ್ಜ್ ಆಗುವಾಗ ಬ್ಯಾಟರಿ ಪೆಟ್ಟಿಗೆಯ ಹುಡ್ ತೆರೆದಿರಲಿ, ಸೆಲ್ಲುಗಳ ಬಿರಡೆ ಮುಚ್ಚಿರಲಿ, ಫ್ಯಾನ್ ಓಡುತ್ತಿರಲಿ. ಹೊರಬರುವುದು ಹೈಡ್ರೋಜನ್, ಬೀಡಿ ಹತ್ತಿರ ಸುಳಿಯಬಾರದು.

ನೀರು ಹಾಕುವುದರಲ್ಲೇ ಹೆಚ್ಚಿನ ಕಡೆ ಎಡವುತ್ತಾರೆ. ಚಾರ್ಜಿಗೆ ಮುಂಚೆ ಗುರುತಿನವರೆಗೆ ತುಂಬಿದರೆ ಆ್ಯಸಿಡ್ ಉಕ್ಕಿ ಹೊರಗೆ ಹರಿಯುತ್ತದೆ. ಪ್ಲೇಟು ಕಾಣುತ್ತಿದ್ದರೆ ಮಾತ್ರ ಮುಳುಗುವಷ್ಟು ಹಾಕಿ, ಉಳಿದದ್ದು ಚಾರ್ಜ್ ಮುಗಿದ ನಂತರ. ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರ್‌ವೆಲ್ ನೀರು ಬೇಡವೇ ಬೇಡ. ಆಮೇಲೆ ಒಂದು ದಿನ, ಪೂರ್ತಿ ಚಾರ್ಜ್ ಆದ ಮೇಲೆ, 24 ಸೆಲ್ಲುಗಳಿಗೂ ಹೈಡ್ರೋಮೀಟರ್ (ಆ್ಯಸಿಡ್ಡಿನ ಸಾಂದ್ರತೆ ಅಳೆಯುವ ಸಾಧನ) ಇಳಿಸಿ ಬರೆದಿಟ್ಟುಕೊಳ್ಳಿ. 1.28ರ ಆಸುಪಾಸು ಇರಬೇಕು. ಒಂದೇ ಸೆಲ್ 1.24 ತೋರಿಸಿದರೆ ತೊಂದರೆ ಅಲ್ಲಿದೆ. ಮೊದಲು ಈಕ್ವಲೈಸ್ ಚಾರ್ಜ್ (ಎಲ್ಲ ಸೆಲ್ಲುಗಳನ್ನೂ ಒಂದೇ ಮಟ್ಟಕ್ಕೆ ತರುವ ಹೆಚ್ಚುವರಿ ಚಾರ್ಜ್) ಕೊಟ್ಟು ನೋಡಿ, ಮೇಲೇಳದಿದ್ದರೆ ಆ ಸೆಲ್ಲನ್ನಷ್ಟೇ ಬದಲಾಯಿಸಿ.

ಬ್ಯಾಟರಿ ಸರಿಯಿದ್ದೂ ಗಾಡಿ ಬೇಗ ನಿಂತರೆ, ಓಡಿಸಿ ನಿಲ್ಲಿಸಿದ ಕೂಡಲೇ ಚಕ್ರದ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಬದಿ ಮಾತ್ರ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ.

ಪ್ರಶ್ನೆ: ಚಾಕಣ್‌ನಲ್ಲಿ ನಮ್ಮದು ಎರಡು ಪಾಳಿ. ಹಳೆ ಗಾಡಿಗೆ ಲಿಥಿಯಂ ಹಾಕಿಸಬಹುದೇ?

ಉತ್ತರ: ಹಾಕಿಸಬಹುದು. ಬಿಡುವು ಸಿಕ್ಕಾಗಲೆಲ್ಲ ಚಾರ್ಜ್ ಮಾಡಬಹುದಾದ್ದರಿಂದ ಎರಡು ಪಾಳಿಗೆ ಅದೇ ಸರಿ. ಆದರೆ ಮುಂದೆ ಎತ್ತಿದ ಸರಕಿಗೆ ಹಿಂದಿನ ಸಮತೂಕ ಕೊಡುವುದು ಬ್ಯಾಟರಿಯೂ ಹೌದು. ಲಿಥಿಯಂ ಹಗುರ. ಗಾಡಿಯ ಪ್ಲೇಟಿನಲ್ಲಿ ಬರೆದಿರುವ ಕನಿಷ್ಠ ಬ್ಯಾಟರಿ ತೂಕಕ್ಕೆ ಎಷ್ಟು ಕಡಿಮೆಯೋ ಅಷ್ಟು ಕಬ್ಬಿಣದ ತೂಕವನ್ನು ಪೆಟ್ಟಿಗೆಯೊಳಗೆ ಬೋಲ್ಟ್ ಮಾಡಿಸಬೇಕು. ಹಳೆ ಚಾರ್ಜರ್ ನಡೆಯುವುದಿಲ್ಲ. ಬ್ಯಾಟರಿಯ ಬಿಎಂಎಸ್ (ಸೆಲ್ಲುಗಳನ್ನು ಕಾಯುವ ಎಲೆಕ್ಟ್ರಾನಿಕ್ ನಿಯಂತ್ರಕ) ಜೊತೆ ಹೊಂದುವ ಚಾರ್ಜರನ್ನೂ ಅದೇ ಕೊಟೇಶನ್ನಿನಲ್ಲಿ ಕೇಳಿ.